ಮರಳುಗಾಡಿನ ಗಿಂಡಿ ನೋಡಲು ಹೋದ ಮೂವರು

ಕರಾಮ

ದುಬೈಯಲ್ಲಿ ನನಗೆ ಎದುರಾದ ಮೊದಲ ಸ್ಮಾರಕವೆಂದರೆ ಒಂದು ಇಲ್ಲದ ವೀಡಿಯೊ ಅಂಗಡಿ.

ನನ್ನ ಬಾಲ್ಯದ ಗೆಳತಿ ಐರಿನ್ ಕರಾಮದಲ್ಲಿದ್ದಾಳೆ. ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ವಿಮಾನ ಇಳಿದು ಫೋನ್ ಮಾಡಿದರೆ, "ಟ್ಯಾಕ್ಸಿಯವನಿಗೆ ವೀಡಿಯೊ ಅಂಗಡಿಯ ಹಿಂದಿನ ಬಿಲ್ಡಿಂಗ್ ಅಂತ ಹೇಳು, ಸಾಕು" ಎಂದಳು. ನಾನು ಹೇಳಿದೆ. ಪೇಶಾವರದ ಆ ಚಾಲಕ ತಲೆಯಾಡಿಸಿ, ಸಂದಿಗೊಂದಿ ತಿರುಗಿ, ಚಾಟ್ಸ್ ಅಂಗಡಿಯೊಂದರ ಮುಂದೆ ನಿಲ್ಲಿಸಿದ. ಸುತ್ತಮುತ್ತ ವೀಡಿಯೊ ಅಂಗಡಿ ಎಲ್ಲಿಯೂ ಕಾಣಲಿಲ್ಲ. ಬೀದಿ ತಪ್ಪಿತೆಂದು ನಾನು ಜಗಳಕ್ಕೆ ಶುರುಮಾಡುವಷ್ಟರಲ್ಲಿ ಮೇಲಿನಿಂದ ಐರಿನ್ ಕೈಬೀಸಿದಳು.

"ಅಂಗಡಿ ಎಲ್ಲಿ ಮಾರಾಯ್ತಿ?"

"ಅದು ಮುಚ್ಚಿ ಎಷ್ಟೋ ಕಾಲ ಆಯ್ತು. ಆಮೇಲೆ ಮೊಬೈಲಿನದ್ದು ಬಂತು, ಸಲೂನ್ ಬಂತು, ಈಗ ಚಾಟ್ಸ್. ಆದ್ರೆ ವೀಡಿಯೊ ಅಂಗಡಿ ಅಂತ ಹೇಳಿದ್ರೆ ಎಲ್ರಿಗೂ ಗೊತ್ತಾಗ್ತದೆ."

ನನಗೆ ಏಕೋ ಊರಿಗೇ ಬಂದಂತಾಯಿತು. ನಮ್ಮ ಮೂಲ್ಕಿಯಲ್ಲಿ ಇಂದಿಗೂ ಟಾಕೀಸಿನ ಎದುರು ಎಂದರೆ ಆಟೋದವರು ಕರೆದೊಯ್ಯುತ್ತಾರೆ. ಟಾಕೀಸು ಕೆಡವಿ ಕಟ್ಟಿದ ಫ್ಲಾಟಿನಲ್ಲಿ ಹುಟ್ಟಿದ ಮಕ್ಕಳೇ ಈಗ ಹೈಸ್ಕೂಲಿಗೆ ಬಂದಿದ್ದಾರೆ.

ಜಗತ್ತಿನ ಅತಿ ಎತ್ತರದ ಕಟ್ಟಡವನ್ನೂ ನೋಡಿದೆ. ಕುತ್ತಿಗೆ ನೋವು ಬಂತು. ಐರಿನ್‌ಗೆ ಅದರ ಮೇಲೆ ಅಂಥ ಗೌರವವೇನೂ ಇಲ್ಲ. "ಅಷ್ಟು ಮೇಲೆ ಹೋಗಿ ಎಂತ ಮಾಡ್ಲಿಕ್ಕುಂಟು? ಅಲ್ಲಿಂದ ನೋಡಿದ್ರೆ ನಮ್ಮ ಬಾಲ್ಕನಿಯ ಬಟ್ಟೆ ಒಣಗಿದ್ಯಾ ಅಂತ ಸಹ ಕಾಣುದಿಲ್ಲ" ಎಂದಳು. ಆ ಕಟ್ಟಡದ ವಿಷಯ ಇಲ್ಲಿಗೆ ಮುಗಿಯಿತು. ನಾನು ಹೇಳಹೊರಟಿರುವುದು ಅದಕ್ಕಿಂತ ಬಹಳ ಗಿಡ್ಡಗಿನ ಒಂದು ವಸ್ತುವನ್ನು ನೋಡಲು ಹೋಗಿ ನಾವು ಮೂವರು ಹೆಂಗಸರು ಪಟ್ಟ ಪಾಡನ್ನು.

ರುವೈಸ್

ನಾನು ಬಂದದ್ದು ತಮ್ಮನ ಮನೆಗೆ. ದಿನೇಶ ಅಬುಧಾಬಿ ಸೀಮೆಯ ರುವೈಸ್‌ನ ತೈಲ ಘಟಕವೊಂದರಲ್ಲಿ ಟೆಕ್ನಿಶಿಯನ್. ಕರಾಮಕ್ಕೆ ಬಂದು ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಒಂದು ಬದಿ ಸಮುದ್ರ, ಇನ್ನೊಂದು ಬದಿ ಮರಳು, ನಡುವೆ ಲಾರಿಗಳು. ಸ್ಟಿಯರಿಂಗನ್ನು ಅವನು ತುಂಬಿದ ಪಾಯಸದ ಪಾತ್ರೆಯಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಲಾರಿ ಹತ್ತಿರ ಬಂದಾಗಲೆಲ್ಲ ನನ್ನ ಮಾತನ್ನೂ ನಿಲ್ಲಿಸುತ್ತಿದ್ದ. ನಾನು ಸೋದರಮಾವನ ಮಗನ ಮದುವೆಯಲ್ಲಾದ ಜಗಳವನ್ನು ಹೇಳುತ್ತಿದ್ದೆ. ಲಾರಿಗಳ ದೆಸೆಯಿಂದ ಆ ಜಗಳ ರುವೈಸ್ ತಲುಪಿದರೂ ಮುಗಿದಿರಲಿಲ್ಲ.

ರುವೈಸ್ ಅಚ್ಚುಕಟ್ಟಾದ ಊರು. ಕಂಪನಿಯ ಮನೆಗಳು, ಕಂಪನಿಯ ಮರಗಳು, ಕಂಪನಿಯ ಬಸ್ಸು. ಸಂಜೆ ನಡೆಯಲು ಹೋದರೆ ಎದುರಾದವರಲ್ಲಿ ಅರ್ಧ ಜನ ಯಾವ ಪಾಳಿ ಎಂದು ಕೇಳುತ್ತಾರೆ, ಉಳಿದರ್ಧ ಯಾವ ಊರು ಎಂದು. ಮೂಲ್ಕಿ ಎಂದರೆ ಕಿನ್ನಿಗೋಳಿಯವರು ಸಿಗುತ್ತಾರೆ, ಕಿನ್ನಿಗೋಳಿ ಎಂದರೆ ಕಟಪಾಡಿಯವರು. ಅಲ್ಲಿ ಯಾರಿಗೂ ತಿಳಿಯದಂತೆ ಸೀನುವುದೂ ಕಷ್ಟ.

ತಮ್ಮನ ಹೆಂಡತಿ ಶೋಭಾ. ಮಗಳು ಮಣಿಪಾಲದ ಹಾಸ್ಟೆಲಿಗೆ ಹೋದ ಮೇಲೆ ಮನೆಯಲ್ಲಿ ಒಬ್ಬಳೇ. ನಾನು ಹೋಗುವ ಎರಡು ತಿಂಗಳ ಹಿಂದೆ ಅವಳಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತ್ತು. ಎಷ್ಟನೇ ಪರೀಕ್ಷೆಯಲ್ಲಿ ಎಂದು ಕೇಳಬಾರದು ಎಂಬುದು ಆ ಮನೆಯ ನಿಯಮ. ಲೈಸೆನ್ಸನ್ನು ಅವಳು ದೇವರ ಫೋಟೋದ ಹಿಂದೆ ಇಟ್ಟಿದ್ದಳು, ಏಕೆಂದರೆ ಬೇರೆ ಕಡೆ ಅದಕ್ಕೆ ಕೆಲಸವಿರಲಿಲ್ಲ. ದಿನೇಶ ಅವಳಿಗೆ ಕಾರು ಕೊಡುತ್ತಿದ್ದದ್ದು ಮನೆಯಿಂದ ಸೂಪರ್ ಮಾರ್ಕೆಟ್ಟಿನವರೆಗೆ ಮಾತ್ರ. ಹೈವೇಗೆ ಹೋಗುವ ಮಾತು ಬಂದರೆ "ನೋಡುವ, ಮುಂದಿನ ರಜೆಗೆ" ಎನ್ನುತ್ತಿದ್ದ.

"ಅತ್ತಿಗೆ, ಆ ಮುಂದಿನ ರಜೆ ಯಾವ ಕ್ಯಾಲೆಂಡರಿನಲ್ಲಿ ಉಂಟು ಅಂತ ನಂಗೆ ಇನ್ನೂ ಗೊತ್ತಾಗ್ಲಿಲ್ಲ" ಎಂದಳು ಶೋಭಾ, ಮೀನು ಕೊಯ್ಯುತ್ತ.

ಪಕ್ಕದ ಮನೆಯಲ್ಲಿ ಡೋನಾ ಎಂಬ ಅಮೆರಿಕದ ಹೆಂಗಸು. ಅವರ ಗಂಡನಿಗೂ ಅದೇ ಘಟಕದಲ್ಲಿ ಕೆಲಸ. ಕೆಲವೇ ವಾರಗಳಲ್ಲಿ ಅವರು ಗಂಟುಮೂಟೆ ಕಟ್ಟಿ ತಮ್ಮೂರಿಗೆ ಮರಳುವವರಿದ್ದರು. ಕಣ್ಣಿನ ಪೊರೆಯ ಆಪರೇಶನ್ ಆಗಿದ್ದರಿಂದ ಕಾರು ಓಡಿಸುವಂತಿರಲಿಲ್ಲ. ಅವರ ಊರು ಮಿಸಿಸಿಪ್ಪಿ ನದಿಯ ದಡದಲ್ಲಿದೆ ಎಂದು ತಿಳಿದದ್ದೇ ನಾನು ನೆಟ್ಟಗೆ ಕುಳಿತೆ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ಆ ನದಿಯನ್ನು ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಎಷ್ಟು ಸಲ ಹರಿಸಿದ್ದೇನೋ ಲೆಕ್ಕವಿಲ್ಲ. ಅದರ ಉಪನದಿಗಳನ್ನು ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಡೋನಾ ಬಾಯಿ ತೆರೆದು ಕೇಳಿದರು. ಅಂದಿನಿಂದ ಅವರಿಗೆ ನಾನು ಟೀಚರ್.

ಅವರ ಊರಿನ ಸುತ್ತ ಮೆಕ್ಕೆಜೋಳದ ಹೊಲಗಳ ನಡುವೆ ಸಣ್ಣ ಸಣ್ಣ ಹಳ್ಳಿಗಳಿವೆಯಂತೆ. ಒಂದರಲ್ಲಿ ಬಸ್ಸಿನಷ್ಟು ದೊಡ್ಡ ಸಿಮೆಂಟಿನ ಮೀನು, ಒಂದರಲ್ಲಿ ತೆಂಗಿನಮರದಷ್ಟು ಎತ್ತರದ ಜೋಳದ ತೆನೆ, ಇನ್ನೊಂದರಲ್ಲಿ ಏಣಿ ಹಾಕಿ ಹತ್ತಬೇಕಾದ ತೂಗುಕುರ್ಚಿ.

"ಯಾಕೆ?" ಎಂದೆ.

"ಇಲ್ಲದಿದ್ದರೆ ಅಲ್ಲಿ ಯಾರು ಕಾರು ನಿಲ್ಲಿಸುತ್ತಾರೆ, ಟೀಚರ್? ಫೋಟೋ ತೆಗೆಯಲು ನಿಂತವರು ಒಂದು ತುಂಡು ಹಣ್ಣಿನ ಪೈಯನ್ನಾದರೂ ತಿಂದು ಹೋಗುತ್ತಾರೆ. ಹಾಗೆಯೇ ಒಂದು ಊರು ಉಳಿಯುತ್ತದೆ."

ಆ ದೈತ್ಯ ವಸ್ತುಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವುದು ಚಿಕ್ಕಂದಿನಿಂದಲೂ ಅವರ ಹುಚ್ಚು. ಮದೀನತ್ ಜಾಯೆದ್‌ಗೆ ಹೋಗುವ ದಾರಿಯ ಸಣ್ಣ ಊರೊಂದರ ವೃತ್ತದಲ್ಲಿ ಅಂಥದೇ ಒಂದು ಕಾಫಿ ಪಾತ್ರೆ ಇದೆಯೆಂದು ಕೇಳಿದ್ದರು. ಕರೆದುಕೊಂಡು ಹೋಗೆಂದು ದಿನೇಶನನ್ನು ಕೇಳಿದ್ದರು. ದಿನೇಶ "ಇನ್ಶಾ ಅಲ್ಲಾಹ್" ಎಂದಿದ್ದ. ಮೂಲ್ಕಿಯ ಶೆಟ್ಟರ ಹುಡುಗ ಹಾಗೆ ಹೇಳಿದನೆಂದರೆ ಆ ಕೆಲಸ ಆಗುವುದಿಲ್ಲ ಎಂದು ನನಗೆ ಗೊತ್ತಾಯಿತು.

ಶೋಭಾಳ ಮುಖ ನೋಡಿದೆ. ಶೋಭಾ ದೇವರ ಫೋಟೋ ನೋಡಿದಳು.

ಗಿಂಡಿಯ ವೃತ್ತ

ದಿನೇಶನಿಗೆ ಹಗಲು ಪಾಳಿ ಇದ್ದ ಒಂದು ಬುಧವಾರವನ್ನು ಆರಿಸಿದೆವು. ಅವನು ಬೆಳಗಾಗುವ ಮೊದಲೇ ಕಂಪನಿಯ ಬಸ್ಸಿನಲ್ಲಿ ಹೋಗುತ್ತಾನೆ. ಕಾರು ಮನೆಯಲ್ಲೇ ಇರುತ್ತದೆ. ಘಟಕದೊಳಗೆ ಫೋನ್ ಒಯ್ಯುವಂತಿಲ್ಲ, ಅದು ಸಂಜೆಯವರೆಗೆ ಲಾಕರಿನಲ್ಲಿ. ಇಷ್ಟು ಅನುಕೂಲ ಮಾಡಿಕೊಟ್ಟ ಕಂಪನಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

"ನಾಳೆ ನಾವು ಡೋನಾರ ಮನೆಯಲ್ಲಿ ಪೈ ಮಾಡ್ಲಿಕ್ಕೆ ಕಲಿಯುದು" ಎಂದು ಹಿಂದಿನ ದಿನವೇ ಅವನಿಗೆ ಹೇಳಿದ್ದೆ.

"ಒಳ್ಳೇದು ಅಕ್ಕ. ನಂಗೂ ಒಂದು ತುಂಡು ಇಡಿ" ಎಂದ ಪಾಪದವನು.

ಶೋಭಾ ಹೊರಟದ್ದು ಮದುವೆ ದಿಬ್ಬಣದ ಗಾಂಭೀರ್ಯದಲ್ಲಿ. ಕನ್ನಡಿ ಸರಿಪಡಿಸಿದಳು, ಸೀಟು ಸರಿಪಡಿಸಿದಳು, ಮತ್ತೆ ಕನ್ನಡಿ ಸರಿಪಡಿಸಿದಳು. ಕಾಲೊನಿಯ ಗೇಟು ದಾಟುವಾಗ ಎದುರಿಗೆ ಕಟಪಾಡಿಯ ಹೆಂಗಸೊಬ್ಬರು ಬಂದರು. ನಾನು ಸೀಟಿನ ಕೆಳಗೆ ಬಗ್ಗಿದೆ. ಏಕೆ ಬಗ್ಗಿದೆನೋ, ಕಾರು ಓಡಿಸುತ್ತಿದ್ದವಳು ನಾನಲ್ಲ! ನನ್ನನ್ನು ನೋಡಿ ಹಿಂದಿನ ಸೀಟಿನಲ್ಲಿದ್ದ ಡೋನಾ ಅವರೂ ಬಗ್ಗಿದರು.

ಹೈವೇಯಲ್ಲಿ ಮೊದಲ ಲಾರಿ ಬಂದಾಗ ಮೂವರೂ ಉಸಿರು ಬಿಗಿಹಿಡಿದೆವು. ಎರಡನೆಯದಕ್ಕೂ ಹಿಡಿದೆವು. ಆಮೇಲೆ ಲಾರಿಗಳು ಎಷ್ಟು ಬಂದವೆಂದರೆ ಉಸಿರಾಡದೆ ಬೇರೆ ದಾರಿಯಿರಲಿಲ್ಲ. ಕವಲುದಾರಿಗೆ ತಿರುಗಿದ ಮೇಲೆ ರಸ್ತೆ ಖಾಲಿಯಾಯಿತು. ಇಕ್ಕೆಲದಲ್ಲೂ ಬೇಲಿ, ಬೇಲಿಯಾಚೆ ಒಂಟೆಗಳು. ನಮ್ಮೂರ ರಸ್ತೆಯ ದನಗಳಿಗೆ ಹೋಲಿಸಿದರೆ ಬೇಲಿಯೊಳಗಿನ ಒಂಟೆಗಳು ಬಹಳ ಮರ್ಯಾದಸ್ಥರು. ಹಾರನ್ ಹೊಡೆಯುವ ಅವಕಾಶ ಸಿಗದೆ ಶೋಭಾ ಸ್ವಲ್ಪ ನಿರಾಶಳಾದಳು.

ಆ ಸಣ್ಣ ಊರು ಸಿಕ್ಕಿತು. ವೃತ್ತವೂ ಸಿಕ್ಕಿತು. ನಟ್ಟನಡುವೆ ಎರಡು ಮಾಳಿಗೆ ಎತ್ತರದ ಕಾಫಿ ಪಾತ್ರೆ, ಹಕ್ಕಿಯ ಕೊಕ್ಕಿನಂಥ ಮೂತಿ, ಕೆಳಗೆ ಸ್ನಾನದ ತೊಟ್ಟಿಯಷ್ಟು ದೊಡ್ಡ ಬಟ್ಟಲುಗಳು. ನನಗೆ ಅದು ನಮ್ಮ ಗಿಂಡಿಯಂತೆಯೇ ಕಂಡಿತು. ಅದನ್ನು ಯಾರಾದರೂ ನಮ್ಮನೆ ಜಗಲಿಯಲ್ಲಿ ತಂದಿಟ್ಟರೆ ಇಡೀ ಮೂಲ್ಕಿ ಪೇಟೆ ಬಂದು ಕಾಲು ತೊಳೆಯಬಹುದು.

"ನಿಲ್ಲಿಸು, ನಿಲ್ಲಿಸು!" ಎಂದರು ಡೋನಾ.

"ಹೇಗೆ ನಿಲ್ಲಿಸುದು?" ಎಂದಳು ಶೋಭಾ.

ವೃತ್ತದೊಳಗೆ ನುಗ್ಗುವುದನ್ನು ಅವಳು ಚೆನ್ನಾಗಿ ಕಲಿತಿದ್ದಳು. ಅಲ್ಲಿಂದ ಹೊರಬರಲು ಮಾತ್ರ ಧೈರ್ಯ ಸಾಲಲಿಲ್ಲ. ಹೊರಗಿನ ಸಾಲಿನಲ್ಲಿ ಯಾವಾಗಲೂ ಒಂದು ಕಾರು ಇರುತ್ತಿತ್ತು. ನಾವು ಗಿಂಡಿಗೆ ಪ್ರದಕ್ಷಿಣೆ ಹಾಕತೊಡಗಿದೆವು. ಒಂದು ಸುತ್ತು, ಇನ್ನೊಂದು ಸುತ್ತು. ಗಿಡಗಳಿಗೆ ನೀರು ಬಿಡುತ್ತಿದ್ದವನು ಪೈಪು ಹಿಡಿದುಕೊಂಡೇ ನಮ್ಮೊಂದಿಗೆ ತಿರುಗಿ ತಿರುಗಿ ನೋಡಿ, ಕೊನೆಗೆ ತನ್ನ ಚಪ್ಪಲಿಯನ್ನೇ ಒದ್ದೆ ಮಾಡಿಕೊಂಡ. ಡೋನಾ ಮಾತ್ರ ಕಿಟಕಿ ಇಳಿಸಿ ಎಲ್ಲ ದಿಕ್ಕಿನಿಂದಲೂ ಫೋಟೋ ತೆಗೆದು ಸಂತುಷ್ಟರಾದರು.

"ನಮ್ಮೂರ ಮೀನನ್ನು ನಾನು ಇಷ್ಟು ಚೆನ್ನಾಗಿ ಎಂದೂ ನೋಡಿರಲಿಲ್ಲ" ಎಂದರು.

ಅಂತೂ ಹೊರಬಿದ್ದು, ನೆರಳಿನಲ್ಲಿ ಕಾರು ನಿಲ್ಲಿಸಿ, ನಡೆದುಕೊಂಡೇ ಗಿಂಡಿಯ ಬಳಿ ಹೋದೆವು. ಡೋನಾ ಒಂದು ಬಟ್ಟಲಿಗೆ ಒರಗಿ ನಿಂತು ಫೋಟೋ ತೆಗೆಸಿಕೊಂಡರು. ಕೆಲಸ ಮುಗಿಯಿತು, ಮನೆಗೆ ಮರಳಬಹುದಿತ್ತು. ಆದರೆ ಶೋಭಾಳಿಗೆ ಹಸಿವಾಗಿತ್ತು. ಮದೀನತ್ ಜಾಯೆದ್ ಅಲ್ಲಿಂದ ಹೆಚ್ಚು ದೂರವಿರಲಿಲ್ಲ.

ಮದೀನತ್ ಜಾಯೆದ್

ಆ ಪೇಟೆಯ ಒಂದು ಬೀದಿಯಲ್ಲಿ ನಡೆದರೆ ದರ್ಜಿಯಂಗಡಿ, ಒಂಟೆಗೆ ಹಗ್ಗ ಮತ್ತು ಜೂಲು ಮಾರುವ ಅಂಗಡಿ, ಟಯರಿನದ್ದು, ಮತ್ತೆ ದರ್ಜಿ. ತುದಿಯಲ್ಲಿ ಒಂದು ಕೆಫೆಟೇರಿಯ. ಬಾಗಿಲು ತೆರೆದರೆ ಕರಿಬೇವು ಮತ್ತು ಕಾದ ಎಣ್ಣೆಯ ಪರಿಮಳ. ಗಾಜಿನ ಪೆಟ್ಟಿಗೆಯೊಳಗೆ ಗೋಳಿಬಜೆ! ಮಾಲೀಕ ಉಪ್ಪಿನಂಗಡಿ ಕಡೆಯ ಬ್ಯಾರಿ, ಹೆಸರು ಹಮೀದ್. ಎಲ್ಲರೂ ಹಮೀದಾಕ ಎನ್ನುತ್ತಾರೆ.

"ಊರಿನವರಾ?" ಎಂದು ಕೇಳಿದರು, ನಾವು ಬಾಯಿ ತೆರೆಯುವ ಮೊದಲೇ.

"ಮೂಲ್ಕಿ" ಎಂದುಬಿಟ್ಟೆ.

"ಹಾಗಾದ್ರೆ ರುವೈಸಿನ ದಿನೇಶಣ್ಣ ಗೊತ್ತುಂಟಾ ನಿಮ್ಗೆ? ನಮ್ಮ ಕ್ರಿಕೆಟ್ ಟೀಮಿನ ಅಂಪೈರ್."

ಶೋಭಾ ನನ್ನ ಕಾಲು ತುಳಿದಳು. ನಾನು ಮುಖವನ್ನು ಕಲ್ಲು ಮಾಡಿಕೊಂಡು, "ಹೆಸರು ಕೇಳಿದ ಹಾಗುಂಟು" ಎಂದೆ. ಹಮೀದಾಕ ಒಳ್ಳೆಯ ಮನುಷ್ಯ. ಮತ್ತೆ ಕೇಳದೆ ಬಿಸಿ ಗೋಳಿಬಜೆ, ಚಟ್ನಿ, ಚಹಾ ತಂದಿಟ್ಟರು. ಡೋನಾ ಒಂದನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ಅವರೂರ ಸಂತೆಯಲ್ಲಿ ಹೀಗೆಯೇ ಕರಿದ ಹಿಟ್ಟಿನ ಉಂಡೆಗಳು ಸಿಗುತ್ತವೆಯಂತೆ, ಆದರೆ ಅವಕ್ಕೆ ಸಕ್ಕರೆ ಉದುರಿಸುತ್ತಾರಂತೆ. "ಇದರೊಳಗಿನ ಹಸಿಮೆಣಸಿನ ವಿಷಯ ಅವರಿಗೆ ಯಾರಾದರೂ ಹೇಳಬೇಕಾಗಿತ್ತು" ಎಂದು ಇನ್ನೂ ಎರಡು ತೆಗೆದುಕೊಂಡರು. ಹಮೀದಾಕನಿಗೆ ಹಿಗ್ಗೋ ಹಿಗ್ಗು. ಒಂದು ಫೋಟೋ ತೆಗೆಯಲೇ ಎಂದು ಕೇಳಿ ತೆಗೆದರು.

ಚಹಾ ಮುಗಿಸುವಷ್ಟರಲ್ಲಿ ಅವರು ಫೋನ್ ಹಿಡಿದು ಓಡೋಡಿ ಬಂದರು. "ನೋಡಿ ಅಕ್ಕ, ನಮ್ಮ ಗ್ರೂಪಿಗೆ ಹಾಕಿದೆ. ಅಮೆರಿಕದವರು ನಮ್ಮ ಗೋಳಿಬಜೆ ತಿಂದದ್ದು ಅಂತ. ಎಷ್ಟು ಜನ ಲೈಕ್ ಮಾಡಿದ್ರು!"

ಫೋಟೋದಲ್ಲಿ ಡೋನಾ ಚೆನ್ನಾಗಿ ಬಂದಿದ್ದರು. ಅವರ ಹೆಗಲ ಹಿಂದೆ, ಗೋಳಿಬಜೆ ಕಚ್ಚುತ್ತಿರುವ ಶೋಭಾ ಅವರಿಗಿಂತಲೂ ಚೆನ್ನಾಗಿ ಬಂದಿದ್ದಳು.

"ಯಾವ ಗ್ರೂಪು?" ಎಂದಳು ಶೋಭಾ, ಇಳಿದ ದನಿಯಲ್ಲಿ.

"ಕ್ರಿಕೆಟಿನದ್ದು."

ಶೋಭಾ ಎಲ್ಲವನ್ನೂ ಹೇಳಿದಳು. ಹಮೀದಾಕ ತಲೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ದಿನೇಶಣ್ಣನ ಮನೆಯವರಾ! ಮೊದ್ಲೇ ಹೇಳ್ಬಾರ್ದಾ? ಹೆದರ್ಬೇಡಿ, ಈಗ್ಲೇ ಅಳಿಸ್ತೇನೆ." ಕನ್ನಡಕ ಹುಡುಕಿ ಹಾಕಿಕೊಂಡು, ಒತ್ತಬಾರದ ಕಡೆ ಒತ್ತಿದರು. ಫೋಟೋ ಅವರೊಬ್ಬರ ಫೋನಿನಿಂದ ಮಾಯವಾಯಿತು. ಬೇರೆಲ್ಲರ ಫೋನಿನಲ್ಲಿ ಉಳಿಯಿತು. "ಖಲಾಸ್!" ಎಂದರು ಸಂತೋಷದಿಂದ. ಏನಾಯಿತೆಂದು ಶೋಭಾ ವಿವರಿಸಿದಾಗ ಇನ್ನೊಮ್ಮೆ "ಖಲಾಸ್" ಎಂದರು, ಈ ಸಲ ಬೇರೆ ಸ್ವರದಲ್ಲಿ.

ಶೋಭಾ ಗೋಳಿಬಜೆಯ ತಟ್ಟೆಯನ್ನು ಬದಿಗೆ ಸರಿಸಿದಳು. ಆಮೇಲೆ ಫೋನ್ ತೆಗೆದು ಗಂಡನಿಗೆ ತಾನೇ ಬರೆದಳು: ನಾನು, ಅತ್ತಿಗೆ, ಡೋನಾ ಮದೀನತ್ ಜಾಯೆದ್‌ಗೆ ಬಂದಿದ್ದೇವೆ, ಡ್ರೈವ್ ಮಾಡಿದ್ದು ನಾನು, ಸಂಜೆ ಬರುತ್ತೇವೆ.

"ಅವರು ಇದನ್ನು ನೋಡುದು ಸಂಜೆಗೆ" ಎಂದಳು. "ಹೇಗೂ ಬೈಗುಳ ತಿನ್ಲಿಕ್ಕುಂಟು ಅತ್ತಿಗೆ. ಇಷ್ಟಕ್ಕೇ ಯಾಕೆ ತಿನ್ನುದು? ಲಿವಾ ಕಡೆಯ ದೊಡ್ಡ ಮರಳು ದಿಬ್ಬ ಒಮ್ಮೆ ನೋಡಿಯೇ ಬರುವ."

ಹಿರಿಯಳಾಗಿ ನಾನು ಬೇಡವೆನ್ನಬೇಕಾಗಿತ್ತು. "ನೀರಿನ ಬಾಟ್ಲಿ ತಗೊಳ್ಳುವ" ಎಂದೆ.

ಲಿವಾ ದಾರಿ

ಆ ದಿಬ್ಬಗಳನ್ನು ವರ್ಣಿಸುವ ಶಕ್ತಿ ನನಗಿಲ್ಲ. ಸಮುದ್ರದ ಪಕ್ಕದಲ್ಲೇ ಬೆಳೆದವಳು ನಾನು. ಅಲೆ ಎಂದರೆ ಬರುತ್ತದೆ, ಒಡೆಯುತ್ತದೆ, ಹೋಗುತ್ತದೆ. ಇಲ್ಲಿ ಕೆಂಪು ಬಣ್ಣದ ಅಲೆ ಎದ್ದು, ಒಡೆಯುವುದನ್ನು ಮರೆತು, ಹಾಗೆಯೇ ನಿಂತಿತ್ತು. ಡೋನಾ ಕಿಟಕಿ ಇಳಿಸಿ ಕತ್ತು ಹೊರಹಾಕಿ ನೋಡಿದರು. ಅವರೂರ ನದಿ ಒಂದು ವರ್ಷ ಉಕ್ಕಿ ಹರಿದು, ಅಂಗಡಿ ಬೀದಿಯಲ್ಲಿ ದೋಣಿ ಓಡಾಡಿತ್ತಂತೆ. "ನೀರು ಹೆಚ್ಚಾದರೆ ಏನು ಮಾಡಬೇಕೆಂದು ನಮಗೆ ಗೊತ್ತು. ಇದರ ಮುಂದೆ ಏನು ಮಾಡುತ್ತಾರೆ?" ಎಂದರು.

ಏನು ಮಾಡಬೇಕೆಂದು ಮರುಗಳಿಗೆಯೇ ತಿಳಿಯಬೇಕಾಯಿತು. ಕಾರು ತಿರುಗಿಸಲು ಶೋಭಾ ತೋಟವೊಂದರ ಕಚ್ಚಾ ದಾರಿಗೆ ಇಳಿಸಿದಳು. ಎದುರು ಚಕ್ರಗಳು ಮೆತ್ತಗೆ ಕುಸಿದವು. ಅವಳು ಜೋರಾಗಿ ಆಕ್ಸಿಲರೇಟರ್ ಒತ್ತಿದಳು. ಕಾರು ಕೋಳಿ ಮಣ್ಣು ಕೆದರಿದಂತೆ ಮರಳು ಕೆದರಿ, ಇನ್ನಷ್ಟು ಕೂತಿತು. ನಾನೂ ಡೋನಾ ಅವರೂ ಇಳಿದು ದೂಡಿದೆವು. ಇಬ್ಬರ ವಯಸ್ಸು ಕೂಡಿಸಿದರೆ ಶತಮಾನ ದಾಟುತ್ತದೆ. ಕಾರು ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ.

ಅಲ್ಲಿಯವರೆಗೆ ನಗುತ್ತಿದ್ದ ಶೋಭಾ ಸ್ಟಿಯರಿಂಗ್ ಮೇಲೆ ತಲೆಯಿಟ್ಟಳು. "ಅವರು ಹೇಳಿದ್ದು ಸರಿ ಅತ್ತಿಗೆ. ನಂಗೆ ಬರುದಿಲ್ಲ" ಎಂದಳು. ಅವಳ ದನಿ ಕೇಳಿ ನನಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಮರಳಿನಿಂದ ಕಾರನ್ನು ಯಾರಾದರೂ ಎತ್ತಿಯಾರು. ಈ ಮಾತಿನಿಂದ ಅವಳನ್ನು ಎತ್ತುವವರು ಯಾರು?

ಖರ್ಜೂರದ ಮರಗಳ ನಡುವಿನಿಂದ ಧೂಳೆಬ್ಬಿಸುತ್ತ ಒಂದು ಪಿಕಪ್ ಬಂತು. ಹಿಂದೆ ಎರಡು ಆಡುಗಳು. ಇಳಿದದ್ದು ಒಬ್ಬ ಮುದುಕಿ. ಕರಿ ಅಬಾಯ, ಮೂಗು ಬಾಯಿಗಳ ಮೇಲೆ ಅಲ್ಲಿನ ಹಳೆ ಕಾಲದ ಹೆಂಗಸರು ಹಾಕುವ ಹೊಳೆಯುವ ಮುಖವಾಡ, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ. ಆ ತೋಟದ ಯಜಮಾನಿ. ಕಾರಿನ ಸುತ್ತ ಒಂದು ಸುತ್ತು ಬಂದು, ನಮ್ಮ ಮೂವರನ್ನೂ ನೋಡಿ, ಹಿಂದಿಯಲ್ಲಿ ಕೇಳಿದರು: "ಆದ್ಮಿ ಕಿದರ್?"

ಗಂಡಸು ಎಲ್ಲಿ ಎಂದು. ಶೋಭಾ ಕಣ್ಣೊರೆಸಿಕೊಂಡು, "ಮಾಫಿ" ಎಂದಳು. ಇಲ್ಲ ಎಂದು.

ಮುದುಕಿ ಮುಖವಾಡದೊಳಗೇ ನಕ್ಕರು. ಅವರ ಹೊಟ್ಟೆ ಕುಲುಕಿದ್ದರಿಂದ ನಮಗೆ ತಿಳಿಯಿತು.

ಅವರು ಹಗ್ಗ ತರಲಿಲ್ಲ. ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದೇ ಟಯರಿನ ಗಾಳಿ ಬಿಟ್ಟರು. ಚಕ್ರದ ಮುಂದಿನ ಮರಳನ್ನು ಕೈಯಿಂದಲೇ ಗೋರಿದರು. ನಾವೂ ಗೋರಿದೆವು. ಟಯರುಗಳು ಚಪ್ಪಟೆಯಾದವು; ಚಪ್ಪಟೆ ಟಯರು ಮರಳಿನಲ್ಲಿ ಹೂಳುವುದಿಲ್ಲವೆಂದು ನಮಗೆ ಆಮೇಲೆ ತಿಳಿಯಿತು. ಇನ್ನು ಅವರೇ ಹತ್ತಿ ಕಾರನ್ನು ಹೊರತೆಗೆಯುತ್ತಾರೆಂದು ಶೋಭಾ ಕೀಲಿ ಚಾಚಿದಳು. ಮುದುಕಿ ಅವಳ ಕೈಯನ್ನು ಹಿಂದಕ್ಕೆ ತಳ್ಳಿ, ಎದೆಗೆ ಬೆರಳು ಚುಚ್ಚಿದರು.

"ಇಂತಿ" ಎಂದರು. ನೀನು.

ಶೋಭಾ ಹತ್ತಿದಳು. ಮುದುಕಿ ಕಿಟಕಿಯ ಬಳಿ ನಿಂತು, ಅಂಗೈಯಿಂದ ಗಾಳಿಯನ್ನು ಸವರುತ್ತ "ಶ್ವೈ, ಶ್ವೈ" ಎಂದು ಹೇಳುತ್ತಲೇ ಇದ್ದರು. ನಿಧಾನ, ನಿಧಾನ. ಕಾರು ಮುಲುಗಿತು, ಒಮ್ಮೆ ಹಿಂದಕ್ಕೆ ಜಾರಿತು, ಮತ್ತೆ ಮುಂದೆ ತೆವಳಿತು. ಗಟ್ಟಿ ನೆಲ ಮುಟ್ಟಿದಾಗ ಮುದುಕಿ "ಯಲ್ಲಾ!" ಎಂದು ಕೂಗಿ ಕಾರಿನ ಬೆನ್ನಿಗೆ ಎಮ್ಮೆಗೆ ಹೊಡೆದಂತೆ ಒಂದು ಹೊಡೆದರು. ಡೋನಾ ಅವರನ್ನು ಅಪ್ಪಿಕೊಂಡರು. ನಾನು ಕೈಮುಗಿದೆ. ಅವರು ನಮ್ಮ ಮಡಿಲಿಗೆ ಒಂದು ಚೀಲ ಖರ್ಜೂರ ಹಾಕಿ, ಆಡುಗಳೊಂದಿಗೆ ಹೊರಟುಹೋದರು. ಹೆಸರು ಕೇಳಲು ನಮಗೆ ಯಾರಿಗೂ ತೋಚಲಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಟಯರಿಗೆ ಗಾಳಿ ತುಂಬಿಸುವಾಗ ಸಿಗ್ನಲ್ ಬಂತು. ಶೋಭಾಳ ಫೋನು ಒಂದೇ ಸಮನೆ ಕುಣಿಯಿತು. ಎಲ್ಲವೂ ದಿನೇಶನ ಕರೆಗಳೇ. ಅಂದು ಅವನ ಪಾಳಿ ಬೇಗ ಮುಗಿದಿತ್ತು.

ಅವಳು ಸ್ಪೀಕರ್ ಹಾಕಿ ಕರೆ ಮಾಡಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎಲ್ಲಿದ್ದೀ? ಅಲ್ಲೇ ನಿಲ್ಲು. ನಾನು ಟ್ಯಾಕ್ಸಿ ಮಾಡಿ ಬರ್ತೇನೆ. ಕಾರು ಮುಟ್ಬೇಡ" ಎಂದ.

ಶೋಭಾ ಟಯರಿನ ಕಡೆಗೊಮ್ಮೆ ನೋಡಿದಳು.

"ಬೇಡ" ಎಂದಳು. "ನಾನೇ ತರ್ತೇನೆ."

ಮರಳಿ ರುವೈಸ್

ಬರುವಾಗ ಗಾಳಿ ಎದ್ದಿತ್ತು. ಮರಳು ರಸ್ತೆಯ ಮೇಲೆ ಹಾವಿನಂತೆ ಹರಿಯುತ್ತಿತ್ತು. ಲಾರಿಗಳೆಲ್ಲ ದೀಪ ಹಾಕಿಕೊಂಡಿದ್ದವು. ನಾನು ಬಾಯಿ ಮುಚ್ಚಿ ಕುಳಿತೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಶೋಭಾ ಯಾವುದನ್ನೂ ಹಿಂದೆ ಹಾಕಲು ಹೋಗಲಿಲ್ಲ, ಯಾವುದಕ್ಕೂ ಹೆದರಿ ನಿಲ್ಲಲೂ ಇಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಕಿವಿಗೊಟ್ಟು ಕೇಳಿದೆ: "ಶ್ವೈ, ಶ್ವೈ."

ದಿನೇಶ ಗೇಟಿನ ಹೊರಗೆ ನಿಂತಿದ್ದ. ಘಟಕದ ಉಡುಪನ್ನು ಇನ್ನೂ ಬದಲಾಯಿಸಿರಲಿಲ್ಲ. ಅವನನ್ನು ನೋಡಿದ್ದೇ ಡೋನಾ, "ತಪ್ಪೆಲ್ಲ ಆ ಕಾಫಿ ಪಾತ್ರೆಯದು" ಎಂದು ಹೇಳಿ ತಮ್ಮ ಮನೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡರು. ಶೋಭಾ ಸ್ನಾನಕ್ಕೆ ಹೋದಳು. ಅಡುಗೆಮನೆಯಲ್ಲಿ ಉಳಿದವರು ಅಕ್ಕ ತಮ್ಮ ಇಬ್ಬರೇ.

"ಪೈ ಎಲ್ಲಿ ಅಕ್ಕ?" ಎಂದ.

ನಾನು ಖರ್ಜೂರ ಕೊಟ್ಟೆ. ತಿನ್ನಲಿಲ್ಲ. ಬೈಯಲು ಬಾಯಿ ತೆರೆದವನು ಕುರ್ಚಿಯ ಮೇಲೆ ಕುಸಿದ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಕೂರುತ್ತಿದ್ದಂತೆ, ಕೈಗಳನ್ನು ತೊಡೆಯ ನಡುವೆ ಸೇರಿಸಿ ಕುಳಿತ.

ಅವನು ಇಲ್ಲಿಗೆ ಬಂದ ಮೊದಲ ವರ್ಷ, ಅದೇ ದಾರಿಯಲ್ಲಿ ಗೆಳೆಯನೊಬ್ಬನ ಕಾರಿನಲ್ಲಿ ಹೋಗುತ್ತಿದ್ದನಂತೆ. ಗೆಳೆಯ ಕಾರ್ಕಳದವನು, ಒಳ್ಳೆಯ ಡ್ರೈವರ್. ಮುಂದಿನ ಲಾರಿಯ ಟಯರು ಒಡೆಯಿತು. ದಿನೇಶ ಬದುಕಿದ. ಅವನ ಮೊಣಕೈಯ ಗಾಯದ ಗುರುತು ಬ್ಯಾಡ್ಮಿಂಟನ್ ಆಡುವಾಗ ಬಿದ್ದದ್ದೆಂದು ನಾವೆಲ್ಲ ಇಷ್ಟು ಕಾಲ ನಂಬಿದ್ದೆವು.

"ಊರಲ್ಲಿ ಅಮ್ಮ ಹೆದರ್ತಾರೆ ಅಂತ ಹೇಳ್ಲಿಲ್ಲ. ಆಮೇಲೆ ಮದುವೆ ಆಯ್ತು. ಮತ್ತೆ ಹೇಳ್ಲಿಕ್ಕೆ ಬಾಯೇ ಬರ್ಲಿಲ್ಲ" ಎಂದ.

ಶೋಭಾ ಒದ್ದೆ ತಲೆಗೆ ಬೈರಾಸು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ.

"ನನ್ನ ಡ್ರೈವಿಂಗ್ ಮೇಲೆ ನಿಮ್ಗೆ ನಂಬಿಕೆ ಇಲ್ಲ ಅಂತ ನಾನು ತಿಳ್ಕೊಂಡದ್ದು" ಎಂದಳು. "ಪ್ರತಿ ಸಲ ಪರೀಕ್ಷೆಯಲ್ಲಿ ಫೇಲ್ ಆದಾಗ್ಲೂ, ನಿಮ್ಗೆ ಒಳಗೊಳಗೇ ಸಮಾಧಾನ ಆಗ್ತಾ ಉಂಟು ಅಂತ ಕಾಣ್ತಿತ್ತು ನಂಗೆ."

"ಆಗ್ತಿತ್ತು" ಎಂದ ದಿನೇಶ.

ಸುಳ್ಳು ಹೇಳದ ತಮ್ಮನನ್ನು ನೋಡಿ ನನಗೆ ಹೆಮ್ಮೆಯೂ ಆಯಿತು, ಎರಡು ಬಿಗಿಯಬೇಕೆಂದೂ ಅನಿಸಿತು. ನಾನು ಖರ್ಜೂರದ ಚೀಲ ಎತ್ತಿಕೊಂಡು ಡೋನಾ ಅವರ ಮನೆಗೆ ಹೋದೆ. ಗಂಡ ಹೆಂಡತಿ ಮಾತಾಡುವಾಗ ಮೂರನೆಯವರು ಇರಬಾರದು. ಅಲ್ಲದೆ ಡೋನಾ ಅವರ ಒಲೆಯಲ್ಲಿ ಪೈ ಬೇಯುವ ವಾಸನೆ ಬರುತ್ತಿತ್ತು. ಸುಳ್ಳನ್ನು ನಿಜ ಮಾಡಲು ಅವರೊಬ್ಬರೇ ದುಡಿಯುತ್ತಿದ್ದರು.

ವಿಮಾನ ನಿಲ್ದಾಣದ ದಾರಿ

ನಾನು ಊರಿಗೆ ಹೊರಟ ದಿನ ಡೋನಾ ಗೇಟಿನವರೆಗೆ ಬಂದರು. ನದಿಯೂರಿಗೆ ಬಂದೇ ಬರಬೇಕು, ಆ ಸಿಮೆಂಟಿನ ಮೀನಿನ ಬಾಯೊಳಗೆ ಕುಳಿತು ಫೋಟೋ ತೆಗೆಸಬೇಕು ಎಂದು ಆಣೆ ಹಾಕಿಸಿದರು. ಉಪನದಿಗಳನ್ನೆಲ್ಲ ತೋರಿಸಿದರೆ ಬರುತ್ತೇನೆ ಎಂದೆ.

ಅಬುಧಾಬಿ ವಿಮಾನ ನಿಲ್ದಾಣಕ್ಕೆ ಕಾರು ಓಡಿಸಿದ್ದು ಶೋಭಾ. ದಿನೇಶ ಪಕ್ಕದ ಸೀಟಿನಲ್ಲಿ, ನಾನು ಹಿಂದೆ. ಆ ದಿನದಿಂದ ಅವರಿಬ್ಬರೂ ಸಂಜೆ ಹೊತ್ತು ಹೈವೇಯಲ್ಲಿ ಸ್ವಲ್ಪ ದೂರ ಹೋಗಿ ಬರುವುದನ್ನು ರೂಢಿ ಮಾಡಿಕೊಂಡಿದ್ದರು. ಬಂದಾಗ ಒಂದೊಂದು ದಿನ ಇಬ್ಬರೂ ಮಾತು ಬಿಟ್ಟಿರುತ್ತಿದ್ದರು. ಇಷ್ಟು ದೂರ ಹೋಗುವುದು ಇದೇ ಮೊದಲು.

ಹೊರಟ ಮೇಲೆ ತುಂಬಾ ಹೊತ್ತಿನವರೆಗೆ ಅವನು ತನ್ನ ಕಾಲಡಿಯಲ್ಲಿ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದ. "ಲಾರಿ" ಎನ್ನುತ್ತಿದ್ದ. "ಕಂಡಿತು" ಎನ್ನುತ್ತಿದ್ದಳು. "ಕ್ಯಾಮರಾ ಉಂಟು." "ಕಂಡಿತು." "ಎಡದ ಕನ್ನಡಿ." "ಬೇಕಾದ್ರೆ ಇಳಿದು ದೂಡಿಕೊಂಡು ಬನ್ನಿ." ನಾನು ಹಿಂದೆ ಕುಳಿತು ಸೋದರಮಾವನ ಮಗನ ಮದುವೆಯ ಜಗಳವನ್ನು ಮುಗಿಸಿಬಿಡೋಣವೆಂದು ಶುರುಮಾಡಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಅರ್ಧ ದಾರಿ ದಾಟಿರಬೇಕು. ಎರಡೂ ಬದಿ ಲಾರಿಗಳ ಸಾಲು ದಟ್ಟವಾಯಿತು. ನಾನು ಇನ್ನೊಂದು "ಲಾರಿ"ಗಾಗಿ ಕಾದೆ. ಬರಲಿಲ್ಲ.

ಶೋಭಾ ರಸ್ತೆಯಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದಳು. "ಅತ್ತಿಗೆ, ಇವರು ಮಾತೇ ಆಡುದಿಲ್ಲ. ಸಿಟ್ಟಾ?"

ಬಗ್ಗಿ ನೋಡಿದೆ. ನನ್ನ ತಮ್ಮನ ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ತೊಡೆಯ ಮೇಲಿದ್ದ ಕೈಗಳು ಸಡಿಲವಾಗಿ ಬಿಚ್ಚಿಕೊಂಡಿದ್ದವು.

"ನಿದ್ದೆ ಹೋಗಿದ್ದಾನೆ ಮಾರಾಯ್ತಿ" ಎಂದೆ.

ಶೋಭಾ ಕೈ ಚಾಚಿ ರೇಡಿಯೊದ ಸದ್ದು ತಗ್ಗಿಸಿದಳು. ಇಂಡಿಕೇಟರ್ ಹಾಕಿ, ಎಡದ ಕನ್ನಡಿ ನೋಡಿ, ಮುಂದಿನ ಲಾರಿಯನ್ನು ಮೆಲ್ಲಗೆ ದಾಟಿದಳು.